ಗೊದೆಯೊ ಕಲಿಸಿದ ಕೆಳಮನೆಯ ಅಂಕಲ್

ಕೆಳಮನೆಯ ಅಂಕಲ್‌ರ ಎಡ ಅಂಗೈ ತುಂಬ ಸುಟ್ಟ ಕಲೆ. ಹಡಗಿನ ಇಂಜಿನ್ ಕೋಣೆಯಲ್ಲಿ ದುಡಿದ ಕಾಲದ್ದು. ವೈನ್ ಗ್ಲಾಸಿನ ಹೊಟ್ಟೆಯನ್ನು ಆ ಅಂಗೈಯಲ್ಲಿ ಕೂರಿಸಿಕೊಂಡು, ಫ್ರಿಜ್ಜಿನ ಥಂಡಿ ಬಿಡುವವರೆಗೆ ಕಾಯುತ್ತಿದ್ದರು. ಅಲ್ಲಿಯವರೆಗೆ ಯಾರೂ ಗುಟುಕರಿಸುವಂತಿಲ್ಲ, ಮೂಸಬಹುದು, ಅಷ್ಟೆ.

ಅಮೆರಿಕದ ರಾಲಿಯ ಅಪಾರ್ಟ್‌ಮೆಂಟಿನಲ್ಲಿ ನಾನೂ ಗಂಡನೂ ಮೇಲೆ, ಮಂಗಳೂರಿನ ಅವರು ಕೆಳಗೆ. ಮೈಸೂರಿನಿಂದ ಹೋದ ನನಗೆ ವೈನ್ ಎಂದರೆ ಕೆಂಪು, ಹುಳಿ, ಪಾಪ. ಅವರು ಕೊಟ್ಟದ್ದು ಗೊದೆಯೊ, ಸ್ಪೇನಿನ ವಾಯವ್ಯ ಮೂಲೆಯ ಒಂದು ಬಿಳಿ ದ್ರಾಕ್ಷಿಯದು.

"ಈ ದ್ರಾಕ್ಷಿ ಅಲ್ಲಿಯವರಿಗೇ ಮರೆತುಹೋಗಿತ್ತು ಮಾರಾಯ್ತಿ. ಉಳಿದದ್ದು ಕೆಲವೇ ಬಳ್ಳಿ. ಯಾರೋ ಪುಣ್ಯಾತ್ಮರು ಹುಡುಕಿ ಬೆಳೆಸಿದರು. ಇದಕ್ಕೆ ನಾಚಿಕೆ ಜಾಸ್ತಿ. ಕರೆದ ಕೂಡಲೇ ಬರುವುದಿಲ್ಲ."

ಕಾದ ಮೇಲೆ ಮೂಗಿಗೆ ಹಸಿರು ಸೇಬು ಸಿಕ್ಕಿತು, ಆಮೇಲೆ ಸೋಂಪು. "ಅಂಕಲ್, ಒದ್ದೆ ಕಲ್ಲಿನ ಸ್ಮೆಲ್ ಬರ್ತಿದೆ" ಎಂದ ದಿನ ನಕ್ಕುಬಿಟ್ಟರು. "ಪಾಸಾದೆ ನೀನು. ಇನ್ನು ಕುಡಿ. ನಿನ್ನ ಅತ್ತೆಗೆ ಹೇಳಬೇಡ."

2002ರ ಚಳಿಗಾಲದಲ್ಲಿ ಬಿದ್ದ ಮಳೆ ಬಿದ್ದಲ್ಲೇ ಹೆಪ್ಪುಗಟ್ಟಿ, ತಂತಿಗಳು ಹರಿದು, ಊರಿಗೂರೇ ಕರೆಂಟಿಲ್ಲದೆ ಕೂತಿತು. ಅಜ್ಜಿಮನೆಯಲ್ಲಿ ಬಾಣಂತಿ ಕೋಣೆಗೆ ಅಗ್ಗಿಷ್ಟಿಕೆ ಇಡುತ್ತಿದ್ದರಲ್ಲ, ಹಾಗೆ ನಾವು ಬಾಲ್ಕನಿಯ ಇದ್ದಿಲಿನ ಗ್ರಿಲ್ಲನ್ನು ಮಲಗುವ ಕೋಣೆಗೆ ತಂದೆವು. ಹೊಗೆಯೆಲ್ಲ ಹೋಗಿ ಕೆಂಡವಾದ ಮೇಲೆಯೇ ತಂದದ್ದು. ಚಳಿ ಬಾರದಿರಲೆಂದು ಕಿಟಕಿಯ ಸಂದಿಗೆ ಟವೆಲ್ ತುರುಕಿದೆವು. ಅಜ್ಜಿಮನೆಯ ಹೆಂಚಿನ ಮಾಡು ಉಸಿರಾಡುತ್ತಿತ್ತು, ಈ ಮನೆ ಉಸಿರಾಡುವುದಿಲ್ಲ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಮಧ್ಯಾಹ್ನ ಅಂಕಲ್ ಬಾಟಲಿ ಹಿಡಿದು ಬಂದರು. ನಾನು ಎದ್ದು ಹೋಗಿ ಬಾಗಿಲು ತೆರೆದೆ. ಗಂಡ ಕೋಣೆಯಲ್ಲೇ ನಿದ್ದೆಹೋಗಿದ್ದ. ಅಂಕಲ್ ಎರಡು ಗ್ಲಾಸಿಗೆ ಸುರಿದು ಒಂದನ್ನು ನನಗೆ ಕೊಟ್ಟರು. ಮೂಸಿದೆ.

"ಏನೂ ಗೊತ್ತಾಗ್ತಿಲ್ಲ ಅಂಕಲ್. ತಲೆ ತಿರುಗ್ತಿದೆ. ತುಂಬಾ ಸ್ಟ್ರಾಂಗಾ ಇದು?"

"ಕುಡಿಯದೆ ತಲೆಗೇರುವ ವೈನ್ ನಾನಂತೂ ನೋಡಿಲ್ಲ" ಎಂದು ನಗತೊಡಗಿದವರು ಅರ್ಧಕ್ಕೇ ನಿಂತರು. ನನ್ನ ಮುಖ ನೋಡಿದರು. "ಕೋಣೆಯಲ್ಲಿ ಎಂತ ಇಟ್ಟಿದ್ದೀರಿ?"

"ಕೆಂಡ ಅಂಕಲ್. ಹೊಗೆ ಇಲ್ಲ."

ಅವರ ಗ್ಲಾಸು ಜಾರಿ ಬಿತ್ತೋ, ಅವರೇ ಎಸೆದರೋ ತಿಳಿಯದು. ಗಂಡನನ್ನು ಕಂಬಳಿ ಸಮೇತ ಎಳೆದು ತಂದು ಹೊರಗಿನ ಮೆಟ್ಟಿಲ ಬಳಿ, ಮಂಜುಗಡ್ಡೆಯ ಮೇಲೆ ಹಾಕಿ ಕೆನ್ನೆಗೆ ಬಾರಿಸತೊಡಗಿದರು. "ಏಳು ಮಗಾ. ಏಳು." ಅವನು ಕೆಮ್ಮುವವರೆಗಿನ ಆ ಹೊತ್ತು ನನ್ನೊಳಗೆ ಇನ್ನೂ ಮುಗಿದಿಲ್ಲ.

ಆಸ್ಪತ್ರೆಯಲ್ಲಿ ಅಂಕಲ್ ಹೇಳಿದ್ದು ಇಷ್ಟೇ: "ಹಡಗಿನ ತಳದಲ್ಲಿ ಒಬ್ಬ ಹೀಗೇ ಮಲಗಿದ್ದ. ಎದ್ದಿಲ್ಲ. ಕೆಂಡದ ಈ ವಿಷಗಾಳಿಗೆ ವಾಸನೆಯೇ ಇಲ್ಲ ಮಾರಾಯ್ತಿ."

ಗೊದೆಯೊ ಈಗಲೂ ತರುತ್ತೇನೆ. ಮೂಗಿಗೆ ಏನಾದರೂ ಸಿಗುವವರೆಗೆ ಎದೆ ಹೊಡೆದುಕೊಳ್ಳುತ್ತದೆ. ರಾತ್ರಿ ಎಚ್ಚರವಾದರೆ ಕೈ ತಾನಾಗಿ ಗಂಡನ ಮೂಗಿನ ಬಳಿ ಹೋಗುತ್ತದೆ.

ಕೆಲವು ವರ್ಷಗಳ ನಂತರ ಅಂಕಲ್ ಲಾರೆನ್ಸ್‌ವಿಲ್‌ನ ಮಗಳ ಮನೆಯಲ್ಲಿ ತೀರಿಕೊಂಡರು. ಶವಪೆಟ್ಟಿಗೆಗೆ ಹೆಗಲು ಕೊಡಲು ಮಗಳು ನನ್ನ ಗಂಡನನ್ನೂ ಕರೆದಳು. ಕೊರೆಯುವ ಬೆಳಗು. ಎಲ್ಲರೂ ಪೆಟ್ಟಿಗೆಯನ್ನು ನೋಡುತ್ತಿದ್ದರು. ನಾನು ಅದನ್ನು ಹೊತ್ತ ಗಂಡನ ಬಾಯಿಂದ ಹೊರಡುತ್ತಿದ್ದ ಬಿಳಿಯ ಉಸಿರನ್ನೇ ನೋಡುತ್ತಾ ಹಿಂದೆ ನಡೆದೆ.