ಕಡಲಿಗೆ ಎಳೆದ ಎರಡು ಗೆರೆ

ಮೊನ್ನೆ ಬ್ರಹ್ಮಾವರದಲ್ಲಿ ಮಗಳ ಶಾಲೆಯ ಆಟೋಟಕ್ಕೆ ಹೋಗಿದ್ದೆ. ಮೈದಾನಕ್ಕೆ ಸುಣ್ಣದ ಪುಡಿಯಲ್ಲಿ ಗೆರೆ ಹಾಕುತ್ತಿದ್ದರು. ಗಾಳಿಗೆ ಒಂದಿಷ್ಟು ಪುಡಿ ಹಾರಿ ಮೂಗಿಗೆ ಬಂತು. ಆ ಒಣ, ಕಾರ ವಾಸನೆ... ನಮ್ಮ ಲೆಕ್ಕದ ಟೀಚರ್ ಎದುರು ಬಂದು ನಿಂತ ಹಾಗಾಯಿತು.

ಅವರು ಸಾಲಿಗ್ರಾಮದ ಕಡೆಯವರು. ಕಿರಿಮಂಜೇಶ್ವರದ ಹತ್ತಿರ ನಮ್ಮ ಹೈಸ್ಕೂಲಿಗೆ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಒಂಬತ್ತನೇ ಕ್ಲಾಸಿನಲ್ಲಿ ನಿರ್ದೇಶಾಂಕದ ಪಾಠ ಬಂದಾಗ ನಮ್ಮನ್ನೆಲ್ಲ ಮೈದಾನಕ್ಕೆ ಕರೆದೊಯ್ದು, ಸುಣ್ಣದಲ್ಲಿ ಅಡ್ಡ ಒಂದು, ಉದ್ದ ಒಂದು ಗೆರೆ ಎಳೆದರು. ಎರಡೂ ಕೂಡುವಲ್ಲಿ ಮೂಲಬಿಂದು. ಅಡ್ಡಕ್ಕೆ ಇಷ್ಟು, ಉದ್ದಕ್ಕೆ ಇಷ್ಟು ಎಂದು ಅವರು ಕೂಗಿದರೆ ನಾವು ಅಲ್ಲಿಗೆ ಹೋಗಿ ನಿಲ್ಲಬೇಕು. ವಾಲಿಬಾಲ್ ಎಸೆದು, ಚೆಂಡು ಮುಂದೆ ಹೋಗುವುದೇ ಬೇರೆ, ಏರಿ ಇಳಿಯುವುದೇ ಬೇರೆ, ಎರಡನ್ನೂ ಬೇರೆ ಬೇರೆ ಗೆರೆಯ ಮೇಲೆ ನೋಡಿ ಅನ್ನುತ್ತಿದ್ದರು. ಲೆಕ್ಕವೆಂದರೆ ಹೊಟ್ಟೆನೋವು ಬರಿಸಿಕೊಳ್ಳುತ್ತಿದ್ದ ನನಗೂ ಅದು ತಲೆಗೆ ಹತ್ತಿತು.

ಮರುದಿನ, ಭೂಮಿಗೂ ಇಂಥ ಗೆರೆಗಳಿವೆ, ಅಕ್ಷಾಂಶ, ರೇಖಾಂಶ ಎಂದು ಹೇಳಿ, "ಕಡ್ಲಂಗೆ ಒಂದ್ ಜಾಗದ್ ನಂಬರ್ ಯಾರಿಗಾರೂ ಗೊತ್ತಿತ್ತಾ ಮಕ್ಳೆ?" ಎಂದು ಕೇಳಿದರು. ಆ ವರ್ಷ ನಾನು ಮೊದಲ ಸಲ ಕೈ ಎತ್ತಿದೆ. ಅಪ್ಪಯ್ಯ ದೋಣಿಗೆ ಹೊಸ ಜಿಪಿಎಸ್ ತಂದಾಗ, ಅವನು ಹೇಳುತ್ತಾ ಹೋದ ಪಾಯಿಂಟುಗಳ ನಂಬರನ್ನು ಅದರಲ್ಲಿ ಒತ್ತಿದವಳು ನಾನೇ. ಒಂದು ಬಾಯಿಪಾಠವಾಗಿಬಿಟ್ಟಿತ್ತು. ಅದನ್ನು ಬೋರ್ಡಿನ ಮೇಲೆ ಬರೆದೆ. ಟೀಚರ್ ಅದನ್ನು ನಕ್ಷೆಯಲ್ಲಿ ಗುರುತಿಸಿ ಇಡೀ ಕ್ಲಾಸಿನಿಂದ ಚಪ್ಪಾಳೆ ಹೊಡೆಸಿದರು.

ಕಡಲಡಿಯಲ್ಲಿ ಬಂಡೆ ಇರುವಲ್ಲಿ ಮೀನು ಕೂಡುತ್ತದೆ. ಅಂಥ ಪಾಯಿಂಟನ್ನು ನಮ್ಮವರು ಒಡಹುಟ್ಟಿದ ತಮ್ಮನಿಗೂ ಹೇಳುವುದಿಲ್ಲ. ಗದ್ದೆಮನೆಯಿಂದ ಬಂದ ಟೀಚರಿಗೆ ಅದು ಹೇಗೆ ಗೊತ್ತಿರಬೇಕು? ಗೊತ್ತಿರಬೇಕಾದ ನನಗೆ ಚಪ್ಪಾಳೆಯ ಖುಷಿಯಲ್ಲಿ ಹೊಳೆಯಲಿಲ್ಲ. ಕ್ಲಾಸಿನಲ್ಲಿ ಅರ್ಧಕ್ಕರ್ಧ ದೋಣಿಮನೆಯ ಮಕ್ಕಳೇ. ಆ ವಾರವೇ ಅಪ್ಪಯ್ಯನ ಬಂಡೆಯ ಸುತ್ತ ಬೇರೆ ದೋಣಿಗಳು ಬಲೆ ಬಿಟ್ಟವು.

ಸುದ್ದಿ ತಿಳಿದ ಟೀಚರ್ ಸಂಜೆ ಮನೆಗೇ ಬಂದರು. ಅಂಗಳದಲ್ಲಿ ಚಪ್ಪಲಿ ಬಿಟ್ಟು ತಲೆ ತಗ್ಗಿಸಿ ನಿಂತರು.

"ನಂಬರ್ ಕೇಂಡದ್ದ್ ನಾನೇ. ಮಗುಗೆ ಬೈಬೇಡಿ," ಎಂದರು.

"ಕಡ್ಲ್ ಎಂತ ನಮ್ದಾ ಟೀಚರೆ? ಕೂಕಣಿ, ಬೊಂಡ ಕೊಡ್ತೆ," ಎಂದು ಅಪ್ಪಯ್ಯ ಎಳನೀರು ಕೆತ್ತಲು ಕತ್ತಿ ಹುಡುಕಿದ.

ಕೂಕಣಿ ಎಂದರೂ ಟೀಚರ್ ಕೂರಲಿಲ್ಲ. ಬಾಗಿಲ ಸಂದಿಯಲ್ಲಿದ್ದ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ನನ್ನಿಂದಾಗಿ ಟೀಚರ್ ನಮ್ಮ ಅಂಗಳದಲ್ಲಿ, ಹಾಗೆ...

ಆಮೇಲೆ ಅವರು ನಮ್ಮನ್ನು ಮೈದಾನಕ್ಕೆ ಕರೆದೊಯ್ಯಲಿಲ್ಲ. ಪುಸ್ತಕದ ಲೆಕ್ಕ, ಪುಸ್ತಕದ ಉತ್ತರ. ಯಾವ ಮಗುವಿನ ಹತ್ತಿರವೂ ಮನೆಯ ಸಂಗತಿ ಕೇಳಲಿಲ್ಲ. ಅಪ್ಪಯ್ಯ ಬೇರೆ ಬಂಡೆ ಹುಡುಕಿಕೊಂಡ. ಟೀಚರ್ ಮಾತ್ರ ಹಿಂದಿನ ಟೀಚರ್ ಆಗಲಿಲ್ಲ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮದುವೆಯಾಗಿ ಬ್ರಹ್ಮಾವರಕ್ಕೆ ಬಂದ ಮೇಲೆ ಒಮ್ಮೆ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದರು. ತಲೆ ಪೂರ್ತಿ ನರೆತಿತ್ತು. ಮನೆ, ಮಕ್ಕಳು ಏನನ್ನೂ ವಿಚಾರಿಸದೆ ನನ್ನ ಕೈ ಹಿಡಿದು, "ಆ ಪಾಯಿಂಟಂಗೆ ಈಗ ಮೀನ್ ಸಿಕ್ಕತ್ತಾ ಮಗಾ?" ಎಂದರು. ಅಪ್ಪಯ್ಯ ಅತ್ತ ಹೋಗುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು.

"ಸಿಕ್ಕತ್ತ್ ಟೀಚರೆ, ಲಾಯ್ಕ್ ಸಿಕ್ಕತ್ತ್," ಎಂದೆ. ಅವರ ಮುಖ ನೋಡಲಾಗದೆ ಬಸ್ಸಿನ ಬೋರ್ಡು ಓದುತ್ತಾ ನಿಂತೆ.

ಹೋದ ವರ್ಷ ಟೀಚರ್ ತೀರಿಕೊಂಡರು. ಮೊನ್ನೆ, ಆಟ ಮುಗಿಸಿದ ಮಗಳು ಎರಡು ಗೆರೆ ಕೂಡುವಲ್ಲಿ ಸುಸ್ತಾಗಿ ಕೂತುಬಿಟ್ಟಳು. ಅವಳನ್ನು ನೋಡುತ್ತಿದ್ದಂತೆ ನನಗೆ ಅರ್ಥವಾಯಿತು. ಅಷ್ಟು ವರ್ಷವೂ ಟೀಚರ್ ನಮ್ಮ ಅಂಗಳದಲ್ಲೇ ತಲೆ ತಗ್ಗಿಸಿ ನಿಂತಿದ್ದರು. ಬಸ್ ನಿಲ್ದಾಣದಲ್ಲಿ ಮೀನಿನ ಸುಳ್ಳು ಹೇಳುವ ಬದಲು ನಾನೂ ಒಮ್ಮೆ ಕೂಕಣಿ ಟೀಚರೆ ಎನ್ನಬೇಕಿತ್ತು.