ಟೆರೇಸಿನ ಬಂಗುಡೆ

ಮಣಿಪಾಲದ ನಮ್ಮ ಆಫೀಸಿಗೆ ಹೊಸ ಮ್ಯಾನೇಜರ್ ಬಂದ ವಾರವೇ ಒಂದು ಮೇಲ್ ಬಂತು. ಊಟದ ಕೋಣೆಯಲ್ಲಿ ಮೀನು ತಿನ್ನುವಂತಿಲ್ಲ. ನಾನು ಕಡಲ ಬದಿಯ ಎರ್ಮಾಳಿನವಳು, ಅಮ್ಮ ಮಾಡಿದ ಬಂಗುಡೆ ಮೀನಿನ ಹುಳಿಖಾರದ ಪುಳಿಮುಂಚಿ ಇಲ್ಲದೆ ಅನ್ನ ಇಳಿಯುವುದಿಲ್ಲ. ಉಳಿದವರು ಡಬ್ಬಿಗೆ ಮೊಟ್ಟೆ ಹಾಕಿಕೊಂಡರು. ನಾನು ಟೆರೇಸಿಗೆ ಹತ್ತಿ, ನೀರಿನ ಟ್ಯಾಂಕಿಯ ನೆರಳಿನಲ್ಲಿ ನಾಲ್ಕು ತಿಂಗಳು ಒಬ್ಬಳೇ ಉಂಡೆ. ಎಲ್ಲಿಗೆ ಹೋಗುತ್ತೀ ಎಂದು ಯಾರೂ ಕೇಳಲಿಲ್ಲ.

ಒಂದು ಮಧ್ಯಾಹ್ನ ಟ್ಯಾಂಕಿಯ ಆಚೆ ಬದಿಯಿಂದ ಹುರಿದ ಮೀನಿನ ಪರಿಮಳ ಬಂತು. ಇಣುಕಿದರೆ ಮ್ಯಾನೇಜರ್, ತೊಡೆಯ ಮೇಲೆ ಡಬ್ಬಿ.

"ಸರ್, ನೀವು ಮೀನು ತಿನ್ನುತ್ತೀರಾ?"

"ರೂಲ್ ಹೆಡ್ ಆಫೀಸಿನದ್ದು ಮಾರಾಯ್ತಿ, ನಾನೆಂತ ಮಾಡುವುದು?" ಎಂದು ಮುಳ್ಳು ಬಿಡಿಸಿದರು. "ನಿಮ್ಮದು ಪುಳಿಮುಂಚಿಯಾ?"

ನಾನು ಒಂದು ತುಂಡು ಕೊಟ್ಟೆ. ಅವರು ಹುರಿದ ಅಂಜಲ್ ಮೀನಿನ ಅರ್ಧ ತುಂಡು ಕೊಟ್ಟರು. ಆ ಮೇಲ್ ಬಂದ ಮೇಲೆ ನಾನು ಇನ್ನೊಬ್ಬರ ಜೊತೆ ಕೂತು ಉಂಡದ್ದು ಅದೇ ಮೊದಲು. ಮರುದಿನ ಅಮ್ಮನ ಹತ್ತಿರ ಎರಡು ತುಂಡು ಹೆಚ್ಚು ಹಾಕಿಸಿಕೊಂಡು ಹೋದೆ.

ಟೆರೇಸಿಗೆ ಬೀಗ ಬಿದ್ದಿತ್ತು. ಸುರಕ್ಷತೆಯ ಕಾರಣಕ್ಕೆ ಸಿಬ್ಬಂದಿ ಮೇಲೆ ಹೋಗಬಾರದು ಎಂದು ಮ್ಯಾನೇಜರ್ ಮೇಲ್ ಹಾಕಿದ್ದರು. ಕೀಲಿ ಅವರ ಹತ್ತಿರವೇ ಉಂಟು.

ಈಗ ನಾನು ಪಾರ್ಕಿಂಗಿನಲ್ಲಿ ಸ್ಕೂಟರಿನ ಮೇಲೆ ಕೂತು ಉಣ್ಣುತ್ತೇನೆ. ಗಾಳಿ ಈ ಕಡೆ ಬೀಸಿದರೆ, ಇವತ್ತು ಅವರಿಗೆ ಎಂತ ಮೀನು ಎಂದು ತಿಳಿಯುತ್ತದೆ.