ಮೂಲಾಧಾರ ಬಿಸಿಯಾದ ಸಂಗತಿ

ಆತ್ಮೀಯರಲ್ಲಿ ಸವಿನಯ ನಿವೇದನೆ ಏನೆಂದರೆ, ನಾಸಿಕ್‌ನ ಹೋಟೆಲೊಂದರ ಮಹಡಿಯಲ್ಲಿ ನಾನು ನಡೆಸುವ ಪ್ರಾಣಶಕ್ತಿ ತರಗತಿಗೆ ಇಂದು ಕೊನೆಯ ಅವಕಾಶವಿತ್ತು. ಇಂದೂ ಯಾರಿಗೂ ಶಕ್ತಿಯ ಅನುಭವವಾಗದಿದ್ದರೆ ಮಹಡಿ ತೆರವು ಮಾಡಬೇಕೆಂದು ಮಾಲೀಕರಾದ ಶೆಟ್ಟರು ಷರತ್ತು ವಿಧಿಸಿದ್ದರು.

ಕಿಟಕಿಯ ಚಳಿ ತಾಳದೆ ಎಲ್ಲರೂ ಒಳಮೂಲೆಗೆ ಸರಿದು, ಬೆನ್ನೆಲುಬಿನ ಬುಡದ ಮೂಲಾಧಾರ ಚಕ್ರದಲ್ಲಿ ಮನಸ್ಸಿಟ್ಟು, ಕಣ್ಣು ಮುಚ್ಚಿ ನೆಲದ ಮೇಲೆ ಕುಳಿತೆವು. ಹತ್ತು ನಿಮಿಷವಾಗುತ್ತಲೇ ಬ್ಯಾಂಕಿನ ಪಾಟೀಲರು ಕೂಗಿದರು: "ಸರ, ಮೂಲಾಧಾರ ಬಿಸಿ ಆಗಾಕತ್ತೈತ್ರಿ!"

"ನಂದೂ ರೀ!" ಎಂದರು ಉಳಿದವರು. ಆನಂದದಿಂದ ನನ್ನ ಕಣ್ಣು ತುಂಬಿತು.

ಪರೀಕ್ಷಿಸಲು ಬಂದು ನಿಂತಿದ್ದ ಶೆಟ್ಟರು ಬಾಗಿಲಲ್ಲೇ ಬಿದ್ದು ಬಿದ್ದು ನಕ್ಕರು: "ಮಾರಾಯ್ರೇ, ಆ ಮೂಲೆಯ ಕೆಳಗೇ ನಮ್ಮ ಅಡುಗೆಮನೆ, ಇಡ್ಲಿ ಬೇಯ್ತಾ ಉಂಟು!"

ಶಕ್ತಿಯು ಎಲ್ಲಿಂದ ಬರತಕ್ಕದ್ದೆಂದು ಷರತ್ತಿನಲ್ಲಿ ನಮೂದಾಗಿಲ್ಲವೆಂದು ನಾನು ದೃಢವಾಗಿ ವಾದಿಸಿದೆ. ಶೆಟ್ಟರು ಸೋತರು.

ಆದಕಾರಣ ಸಾಧಕರೆಲ್ಲರೂ ನಾಳೆ ಇಡ್ಲಿ ಬೇಯುವ ವೇಳೆಗೆ ಸರಿಯಾಗಿ ಹಾಜರಾಗಬೇಕಾಗಿ ಪ್ರಾರ್ಥನೆ.